ಹಳೆಯ ಷೆವರ್ಲೆ ಮಸಲ್ ಕಾರಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಬಂದು ನೆಲೆಸಿದ ಕನ್ನಡಿಗರಲ್ಲಿ ಹಳೆಯ ಕಾರಿನ ಹುಚ್ಚು ಹತ್ತಿಸಿಕೊಂಡವರು ಇದ್ದಾರೆ. ಡೆಟ್ರಾಯ್ಟ್ ಸುತ್ತಮುತ್ತ ಇರುವವರಿಗಂತೂ ಇದು ಊರಿನ ಗಾಳಿಯಲ್ಲೇ ಇದೆ. ಅವರಿಗಾಗಿ, ಮತ್ತು ದೂರದಿಂದಲೇ ಈ ಕಾರುಗಳನ್ನು ಪ್ರೀತಿಸುವವರಿಗಾಗಿ ಈ ಪುಟ. 1964ರಿಂದ 1972ರವರೆಗಿನ ಷೆವೆಲ್, 1967–69ರ ಕಮಾರೊ, 1968ರ ನಂತರದ ನೋವಾ, ಇಂಥ ಮಸಲ್ ಕಾರುಗಳನ್ನು, ಅಂದರೆ ದೊಡ್ಡ ಎಂಜಿನ್ನಿನ ವೇಗದ ಅಮೆರಿಕನ್ ಕಾರುಗಳನ್ನು, ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಫೋರ್ಡ್, ಕ್ರೈಸ್ಲರ್ ಕಾರುಗಳ ಅಳತೆಯೇ ಬೇರೆ. ಇಲ್ಲಿನ ಲೆಕ್ಕವನ್ನು ಅವಕ್ಕೆ ಹಾಕಬೇಡಿ.

ಯಾವ ಗೇರ್‌ಬಾಕ್ಸ್‌ಗಳು ಈ ಕಾರುಗಳಿಗೆ ಕೂರುತ್ತವೆ?

ಮುಖ್ಯವಾಗಿ ನಾಲ್ಕು, ಎಲ್ಲವೂ ಷೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ ಮಾಡಿದವು. 'ಟರ್ಬೊ' ಅನ್ನುವುದು ಇಲ್ಲಿ ಬರೀ ಹೆಸರು, ಟರ್ಬೋಚಾರ್ಜರ್ ಅಲ್ಲ.

ಟರ್ಬೊ 350 ಬಂದಿದ್ದು 1969ರ ಮಾಡೆಲ್‌ಗಳಲ್ಲಿ. ಮೂರು ಗೇರ್: 2.52, 1.52, 1.00 (ಗೇರ್‌ಬಾಕ್ಸಿನ ಹಿಂದಿನ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ). ಹಗುರ, ಸರಳ, ಬಿಡಿಭಾಗ ಎಲ್ಲೆಡೆ ಸಿಗುತ್ತವೆ.

ಟರ್ಬೊ 400 ಅದಕ್ಕಿಂತ ಹಳೆಯದು, 1964ರದ್ದು. ಇದಕ್ಕೂ ಮೂರೇ ಗೇರ್: 2.48, 1.48, 1.00. ಎಷ್ಟು ಗಟ್ಟಿ ಅಂದರೆ ರೋಲ್ಸ್ ರಾಯ್ಸ್, ಜಾಗ್ವಾರ್, ಕೊನೆಗೆ ಫೆರಾರಿ ಕೂಡ ತಮ್ಮ ಕಾರುಗಳಿಗೆ ಇದನ್ನೇ ಕೊಂಡುಕೊಂಡವು. ಇದು ತಯಾರಾಗುತ್ತಿದ್ದುದು ಮಿಷಿಗನ್ನಿನ ವಿಲ್ಲೊ ರನ್ ಕಾರ್ಖಾನೆಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಬಾಂಬರ್ ವಿಮಾನ ಕಟ್ಟುತ್ತಿದ್ದರು. 1953ರಲ್ಲಿ ಲಿವೋನಿಯಾದ ಗೇರ್‌ಬಾಕ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ ಜನರಲ್ ಮೋಟರ್ಸ್ ಗೇರ್‌ಬಾಕ್ಸ್ ಕೆಲಸವನ್ನು ಈ ಜಾಗಕ್ಕೆ ತಂದಿತು.

ಇನ್ನೆರಡು ಓವರ್‌ಡ್ರೈವ್ ಇರುವಂಥವು, ಅಂದರೆ ಹೆದ್ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಮೇಲಿನ ಗೇರ್ ಇರುವಂಥವು. 1981ರಲ್ಲಿ ಬಂದ 200-4ಆರ್ ಮತ್ತು 1982ರಲ್ಲಿ ಬಂದ 700ಆರ್4. ಎರಡಕ್ಕೂ ನಾಲ್ಕು ಗೇರ್, ಎರಡಕ್ಕೂ ಕಂಪ್ಯೂಟರ್ ಇಲ್ಲದೆ ಗೇರ್ ಬದಲಾಗುತ್ತದೆ. ಹಳೆಯ ಕಾರಿಗೆ ಅವು ಒಗ್ಗುವುದೇ ಅದಕ್ಕೆ.

ಮಸಲ್ ಕಾರಿಗೆ ಆಟೋಮ್ಯಾಟಿಕ್ ಹಾಕಿದರೆ ಅದರ ಮರ್ಯಾದೆ ಹೋಗುವುದಿಲ್ಲವೇ?

ಇಲ್ಲ. 1970ರ ಷೆವೆಲ್ ಎಸ್ಎಸ್ 454ಕ್ಕೆ ಎಲ್ಎಸ್6 ಎಂಜಿನ್ ಇತ್ತಲ್ಲ, 450 ಅಶ್ವಶಕ್ತಿಯದು, ಅದನ್ನೇ ಟರ್ಬೊ 400 ಜೊತೆ ಶೋರೂಮಿನಿಂದಲೇ ತರಿಸಿಕೊಳ್ಳಬಹುದಿತ್ತು. ಡ್ರ್ಯಾಗ್ ರೇಸಿನಲ್ಲಿ (ನೇರ ದಾರಿಯ ಗಿಡ್ಡ ಓಟ) ಇವತ್ತಿಗೂ ಷೆವರ್ಲೆಯ ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಪವರ್‌ಗ್ಲೈಡ್ ಓಡುತ್ತಿದೆ, ಅದಕ್ಕೆ ಇರುವುದೇ ಎರಡು ಗೇರ್.

ಇನ್ನು ದಿನಬಳಕೆಯ ವಿಷಯ. 1995ರಿಂದ ಆಗಸ್ಟ್ ತಿಂಗಳಲ್ಲಿ ಡೆಟ್ರಾಯ್ಟ್ ಬಳಿ ನಡೆಯುವ ಹಳೆಯ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋದವರಿಗೆ ಗೊತ್ತು, ಅಲ್ಲಿ ಕಾರುಗಳು ಓಡುವುದಿಲ್ಲ, ತೆವಳುತ್ತವೆ. ಬಿಸಿಲಲ್ಲಿ ಗಂಟೆಗಟ್ಟಲೆ ಗಟ್ಟಿ ಕ್ಲಚ್ ತುಳಿದರೆ ಎಡಗಾಲು ಸೋತುಹೋಗುತ್ತದೆ. ಮಂಡಿನೋವಿನಿಂದ ಕಾರನ್ನೇ ಮಾರಲು ಹೊರಟವರು ಆಟೋಮ್ಯಾಟಿಕ್ ಹಾಕಿಸಿಕೊಂಡು ಉಳಿಸಿಕೊಳ್ಳುವುದು ಒಳ್ಳೆಯ ಕೆಲಸ ಅಂತ ನಾನು ನಂಬುತ್ತೇನೆ. ಕಾರು ಓಡಬೇಕು. ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಮಲಗಬಾರದು.

ಹಾಗಾದರೆ ಬೆಲೆ ಬೀಳುವುದಿಲ್ಲವೇ?

ಮೂಲ ಗೇರ್‌ಬಾಕ್ಸ್ ಇನ್ನೂ ಕಾರಿನಲ್ಲೇ ಇದ್ದರೆ ಎಚ್ಚರ ಬೇಕು. 1960ರ ದಶಕದ ಕೊನೆಯ ವರ್ಷಗಳ ಕಾರುಗಳಲ್ಲಿ ಗೇರ್‌ಬಾಕ್ಸಿನ ಮೇಲೂ ಕಾರಿನ ನಂಬರಿನ ಒಂದು ಭಾಗ ಕೊರೆದಿರುತ್ತದೆ. ಕೊಳ್ಳುವವರು ಮೊದಲು ನೋಡುವುದೇ ಅದು ಹೊಂದುತ್ತದೋ ಇಲ್ಲವೋ ಅಂತ. ಆದ್ದರಿಂದ ಒಂದೇ ನಿಯಮ ಇಟ್ಟುಕೊಳ್ಳಿ: ಕಾರಿನ ದೇಹದಲ್ಲಿ ಯಾವುದನ್ನೂ ಕತ್ತರಿಸಬೇಡಿ, ಬಿಚ್ಚಿದ್ದನ್ನು ಯಾವುದನ್ನೂ ಮಾರಬೇಡಿ. ನಾಳೆ ಇನ್ನೊಬ್ಬರು ಎಲ್ಲವನ್ನೂ ಮೊದಲಿನಂತೆ ಜೋಡಿಸಲು ಸಾಧ್ಯವಾಗಬೇಕು. ನೆಲದ ತಗಡನ್ನು ಕುಯ್ದರೆ ಮಾತ್ರ ಕೂರುವ ಗೇರ್‌ಬಾಕ್ಸನ್ನು ನಾನಂತೂ ಶಿಫಾರಸು ಮಾಡುವುದಿಲ್ಲ. ಇಲ್ಲಿ ಹೇಳಿದ ನಾಲ್ಕಕ್ಕೂ ಆ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

350 ತಗೊಳ್ಳಲೋ, 400 ತಗೊಳ್ಳಲೋ?

ಸ್ಮಾಲ್ ಬ್ಲಾಕ್ ಎಂಜಿನ್ (ಷೆವರ್ಲೆಯ ಚಿಕ್ಕ ಗಾತ್ರದ ವಿ8), ಬೀದಿಯಲ್ಲಿ ಓಡಿಸುವ ಕಾರು ಅಂದರೆ 350 ಸಾಕು. ಬಿಗ್ ಬ್ಲಾಕ್ (ದೊಡ್ಡ ಗಾತ್ರದ ವಿ8), ಭಾರದ ಕಾರು, ಡ್ರ್ಯಾಗ್ ಸ್ಟ್ರಿಪ್ ಆಸೆ ಇದ್ದರೆ 400. 'ಗಟ್ಟಿ ಇದೆ, ಇರಲಿ ಬಿಡಿ' ಅಂತ ಸುಮ್ನೆ 400 ಹಾಕಬೇಡಿ. ಅದು ಭಾರ ಜಾಸ್ತಿ. ಒಳಗೆ ತಿರುಗುವ ಭಾಗಗಳ ತೂಕವೂ ಜಾಸ್ತಿ, ಅದನ್ನು ತಿರುಗಿಸಲು ಎಂಜಿನ್ ಒಂದಿಷ್ಟು ಶಕ್ತಿ ಕೊಡಲೇಬೇಕು.

ಓವರ್‌ಡ್ರೈವ್ ನಿಜವಾಗಲೂ ಬೇಕಾ?

ಹೆದ್ದಾರಿಯಲ್ಲಿ ಓಡಿಸುತ್ತೀರಿ ಅಂದರೆ ಬೇಕು. ಲೆಕ್ಕ ಹಾಕಿ ನೋಡಿ. ಹಿಂದಿನ ಆಕ್ಸಲ್ ಅನುಪಾತ 3.73, ಚಕ್ರದ ಎತ್ತರ 26 ಇಂಚು, ವೇಗ ಗಂಟೆಗೆ 65 ಮೈಲಿ. ಮೂರನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,130 ಸುತ್ತು ತಿರುಗುತ್ತದೆ. 700ಆರ್4ನ ನಾಲ್ಕನೇ ಗೇರ್ 0.70. ಅಲ್ಲಿ ಅದೇ ವೇಗಕ್ಕೆ ಸುಮಾರು 2,190 ಸುತ್ತು ಸಾಕು. ಇಬ್ಬರು ಕೂಗಾಡದೆ ಮಾತಾಡಬಹುದು, ಪೆಟ್ರೋಲೂ ಉಳಿಯುತ್ತದೆ.

700ಆರ್4ನ ಮೊದಲ ಗೇರ್ 3.06. ನಿಂತಲ್ಲಿಂದ ಎದ್ದು ಹೋಗುವ ಚುರುಕು ಅದರಲ್ಲಿ ಸಿಗುತ್ತದೆ. ಆದರೆ ಎರಡನೆಯದು 1.63, ಮಧ್ಯೆ ದೊಡ್ಡ ಹಳ್ಳ ಬಿದ್ದ ಹಾಗಾಗುತ್ತದೆ. 200-4ಆರ್‌ನಲ್ಲಿ 2.74, 1.57, 1.00, 0.67. ಅಂತರಗಳು ಹದವಾಗಿವೆ. 1980ರ ದಶಕದ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಇದ್ದದ್ದು ಇದೇ. ಈ ಕಾರುಗಳಿಗೆ ನನ್ನ ಮೊದಲ ಆಯ್ಕೆಯೂ ಇದೇ. ಯಾಕೆ ಅಂತ ಅಳತೆಯ ಪ್ರಶ್ನೆಯಲ್ಲಿ ಹೇಳುತ್ತೇನೆ.

ಗುಜರಿಯಲ್ಲಿ ಕಂಡ ಗೇರ್‌ಬಾಕ್ಸ್ ಯಾವುದು ಅಂತ ಗುರುತಿಸುವುದು ಹೇಗೆ?

ಕೆಳಗಿನ ಆಯಿಲ್ ಪ್ಯಾನ್ ನೋಡಿ. ಟರ್ಬೊ 350ರದ್ದು ಹೆಚ್ಚುಕಡಿಮೆ ಚೌಕ, ಒಂದು ಮೂಲೆ ಕತ್ತರಿಸಿದಂತೆ, 13 ಬೋಲ್ಟ್. ಟರ್ಬೊ 400ರ ಪ್ಯಾನ್ ಅಂಕುಡೊಂಕಾಗಿ ಉದ್ದಕ್ಕಿರುತ್ತದೆ. ಒಂದು ಸಲ ಕಂಡರೆ ಮರೆಯುವುದಿಲ್ಲ.

ಆಮೇಲೆ ಮುಂಭಾಗದ ಬೆಲ್ ಹೌಸಿಂಗ್ ನೋಡಿ, ಅಂದರೆ ಎಂಜಿನ್ನಿಗೆ ಸೇರುವ ಗಂಟೆಯಾಕಾರದ ಭಾಗ. ಇದು ತುಂಬಾ ಮುಖ್ಯ. ಬ್ಯೂಕ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ಎಂಜಿನ್‌ಗಳಿಗೆ ಬೋಲ್ಟ್ ತೂತುಗಳ ಜಾಗ ಬೇರೆ. ಅವುಗಳ ಬೆಲ್ ಹೌಸಿಂಗಿನ ತಲೆಯ ನಡುವೆ ತಗ್ಗು ಇರುತ್ತದೆ. ಅಂಥದ್ದು ಷೆವರ್ಲೆ ಎಂಜಿನ್ನಿಗೆ ನೇರವಾಗಿ ಕೂರುವುದಿಲ್ಲ. 'ಜನರಲ್ ಮೋಟರ್ಸ್ ಟರ್ಬೊ 400' ಅಂತಷ್ಟೇ ಹೇಳಿ ಮಾರುವವರಿದ್ದಾರೆ. ಫೋಟೊ ತರಿಸಿಕೊಳ್ಳದೆ ಹಣ ಕೊಡಬೇಡಿ. 200-4ಆರ್‌ನಲ್ಲಿ ಈ ತಲೆನೋವಿಲ್ಲ, ಬಹುಪಾಲು ಘಟಕಗಳಲ್ಲಿ ಎರಡೂ ಬಗೆಯ ತೂತುಗಳಿವೆ.

ಡಿಪ್‌ಸ್ಟಿಕ್ಕಿನ ಆಯಿಲ್ ಮೂಸಿ ನೋಡಿ. ಕಂದುಬಣ್ಣ, ಸುಟ್ಟ ವಾಸನೆ ಇದ್ದರೆ ಒಳಗಿನ ಕ್ಲಚ್ ಪ್ಲೇಟ್‌ಗಳು ಹೋಗಿವೆ ಅಂತ ಲೆಕ್ಕ. ಪೂರ್ತಿ ಬಿಚ್ಚಿ ಕಟ್ಟಿಸುವ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡು ಚೌಕಾಸಿ ಮಾಡಿ.

ನನ್ನ ಕಾರಿನಲ್ಲಿ ಪವರ್‌ಗ್ಲೈಡ್ ಇದೆ. ಏನೇನು ಬದಲಾಗುತ್ತದೆ?

ಇದು ಎಲ್ಲಕ್ಕಿಂತ ಸುಲಭದ ಕೆಲಸ. 6 ಇಂಚು ಬಾಲದ (ಗೇರ್‌ಬಾಕ್ಸಿನ ಹಿಂದಿನ ಕೊಳವೆಯಂಥ ಭಾಗ) ಟರ್ಬೊ 350 ತಂದರೆ ಉದ್ದ 27 11/16 ಇಂಚು, ಪವರ್‌ಗ್ಲೈಡಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಗೇರ್‌ಬಾಕ್ಸನ್ನು ಹೊರುವ ಹಿಂದಿನ ಮೌಂಟ್ ಅದೇ ಜಾಗಕ್ಕೆ ಬರುತ್ತದೆ. ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್, ಅದರ ಯೋಕ್ (ಹಲ್ಲುಗಳಿಂದ ಗೇರ್‌ಬಾಕ್ಸಿಗೆ ಸಿಕ್ಕಿಕೊಳ್ಳುವ ತುದಿ), ಕ್ರಾಸ್ ಮೆಂಬರ್ (ಮೌಂಟ್ ಕೂರುವ ಅಡ್ಡ ತೊಲೆ) ಎಲ್ಲ ಇದ್ದದ್ದೇ ಸಾಕು. ಮನ್ಸಿ ನಾಲ್ಕು ಸ್ಪೀಡ್ ಕ್ಲಚ್ ಗೇರ್‌ಬಾಕ್ಸ್ ಇದ್ದ ಕಾರಿಗೂ ಬಹುತೇಕ ಇದೇ ಅಳತೆ ನಡೆಯುತ್ತದೆ. 350ರಲ್ಲಿ 9 ಇಂಚು, 12 ಇಂಚು ಬಾಲದವೂ ಇವೆ. ಕೊಳ್ಳುವಾಗ ಟೇಪು ಹಿಡಿದು ಅಳೆಯಿರಿ.

ಬೇರೆ ಗೇರ್‌ಬಾಕ್ಸ್‌ಗಳ ಅಳತೆ?

200-4ಆರ್‌ನ ಒಟ್ಟು ಉದ್ದ ಟರ್ಬೊ 350ರಷ್ಟೇ. ಪ್ರೊಪೆಲ್ಲರ್ ಶಾಫ್ಟ್ ಮುಟ್ಟಬೇಕಿಲ್ಲ, ಯೋಕ್ ಕೂಡ ಅದೇ 27 ಹಲ್ಲಿನದು. ಮೌಂಟ್ ಮಾತ್ರ ಹಿಂದಕ್ಕೆ, ಎಂಜಿನ್ನಿಗೆ ಸೇರುವ ಮುಖದಿಂದ 27 ಇಂಚಿನ ಹತ್ತಿರ ಬರುತ್ತದೆ. ಅಂದರೆ ಕ್ರಾಸ್ ಮೆಂಬರ್ ಒಂದನ್ನೇ ಬದಲಿಸಬೇಕು. ನಾನು ಇದನ್ನು ಮೊದಲ ಆಯ್ಕೆ ಅಂದಿದ್ದು ಇದಕ್ಕೇ.

700ಆರ್4 ಉದ್ದ 30 3/4 ಇಂಚು. ಶಾಫ್ಟನ್ನು ಸುಮಾರು 3 ಇಂಚು ಗಿಡ್ಡ ಮಾಡಿಸಬೇಕು. ಮೂಲ ಶಾಫ್ಟನ್ನು ಕತ್ತರಿಸಬೇಡಿ, ಇನ್ನೊಂದು ಮಾಡಿಸಿ. ಮೌಂಟ್ 22 1/2 ಇಂಚಿಗೆ ಬರುತ್ತದೆ.

ಟರ್ಬೊ 400ಕ್ಕೆ ಯೋಕ್ ಬೇರೆ, 32 ಹಲ್ಲು. ಕ್ರಾಸ್ ಮೆಂಬರ್ ಹಿಂದಕ್ಕೆ ಹೋಗಬೇಕು. 1967–69ರ ಕಮಾರೊಗೆ 400ಕ್ಕೆಂದೇ ಬೇರೆ ಕ್ರಾಸ್ ಮೆಂಬರ್ ಇತ್ತು, ಈಗಲೂ ಹೊಸದಾಗಿ ಮಾಡಿದ್ದು ಸಿಗುತ್ತದೆ.

ಯಾವುದೇ ಇರಲಿ, ಕಾರು ತನ್ನ ಚಕ್ರಗಳ ಮೇಲೆ ಭಾರ ಬಿಟ್ಟು ನಿಂತಿರುವಾಗಲೇ ಶಾಫ್ಟಿನ ಉದ್ದ ಅಳೆಯಬೇಕು. ಯೋಕನ್ನು ಪೂರ್ತಿ ಒಳಗೆ ತಳ್ಳಿ, ಆಮೇಲೆ 20ರಿಂದ 25 ಮಿಲಿಮೀಟರ್ ಹೊರಗೆ ಎಳೆದು ಅಲ್ಲಿಂದ ಲೆಕ್ಕ ಹಾಕಿ. ಆ ಜಾಗ ಇಲ್ಲದಿದ್ದರೆ ರಸ್ತೆಯ ಹಳ್ಳಕ್ಕೆ ಕಾರು ಇಳಿದಾಗ ಶಾಫ್ಟ್ ಗೇರ್‌ಬಾಕ್ಸನ್ನೇ ಗುದ್ದುತ್ತದೆ.

ಫ್ಲೆಕ್ಸ್‌ಪ್ಲೇಟ್ ಯಾವುದು ಹಾಕಬೇಕು?

ಫ್ಲೆಕ್ಸ್‌ಪ್ಲೇಟ್ ಅಂದರೆ ಎಂಜಿನ್ನಿನ ಹಿಂದೆ ಬಿಗಿದು ಟಾರ್ಕ್ ಕನ್ವರ್ಟರನ್ನು ತಿರುಗಿಸುವ ಹಲ್ಲಿನ ತಟ್ಟೆ. ಎಂಜಿನ್ ನೋಡಿ ಆರಿಸಬೇಕು, ಗೇರ್‌ಬಾಕ್ಸ್ ನೋಡಿ ಅಲ್ಲ. 1986ಕ್ಕೆ ಮುಂಚಿನ ಸ್ಮಾಲ್ ಬ್ಲಾಕ್‌ನಲ್ಲಿ ಹಿಂದಿನ ಸೀಲ್ ಎರಡು ತುಂಡಿನದು, ಆಮೇಲಿನವಕ್ಕೆ ಒಂದೇ ತುಂಡು. ಎರಡರ ಫ್ಲೆಕ್ಸ್‌ಪ್ಲೇಟ್ ಅದಲುಬದಲು ಆಗುವುದಿಲ್ಲ. 400 ಕ್ಯೂಬಿಕ್ ಇಂಚಿನ ಸ್ಮಾಲ್ ಬ್ಲಾಕ್ ಮತ್ತು 454 ಎಂಜಿನ್‌ಗಳಿಗೆ ತೂಕ ಸೇರಿಸಿದ ಪ್ಲೇಟೇ ಬೇಕು. ಇಲ್ಲದಿದ್ದರೆ ಇಡೀ ಕಾರು ನಡುಗುತ್ತದೆ, ಬೇರಿಂಗ್‌ಗಳು ಹಾಳಾಗುತ್ತವೆ.

ಹಲ್ಲು 153 ಇರುವುದು, 168 ಇರುವುದು ಅಂತ ಎರಡು ಗಾತ್ರ. ಅದಕ್ಕೆ ತಕ್ಕ ಸ್ಟಾರ್ಟರ್ ಬೇಕು. 153ಕ್ಕೆ ಸ್ಟಾರ್ಟರಿನ ಬೋಲ್ಟ್‌ಗಳು ಒಂದೇ ಸಾಲಿನಲ್ಲಿ, 168ಕ್ಕೆ ಒಂದು ಮುಂದೆ ಒಂದು ಹಿಂದೆ. ಕ್ಲಚ್ ಕಾರಿನಿಂದ ಬದಲಾಯಿಸುತ್ತಿದ್ದರೆ ಫ್ಲೈವೀಲಿನ ಹಳೆಯ ಬೋಲ್ಟ್‌ಗಳನ್ನು ಬಳಸಬೇಡಿ, ಅವು ಉದ್ದ. ಕ್ರ್ಯಾಂಕಿನ ತುದಿಯಲ್ಲಿರುವ ಪೈಲಟ್ ಬುಶಿಂಗ್ ಕೂಡ ತೆಗೆದುಬಿಡಿ.

ಟಾರ್ಕ್ ಕನ್ವರ್ಟರ್ ಕೂರಿಸುವುದು ಅಷ್ಟು ಕಷ್ಟವೇ?

ಕಷ್ಟವಲ್ಲ, ಆದರೆ ತಾಳ್ಮೆ ಬೇಕು. ಹೊಸದಾಗಿ ಕಟ್ಟಿಸಿದ ಗೇರ್‌ಬಾಕ್ಸ್ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಸತ್ತಿತು ಅಂದರೆ ಮೊದಲು ಅನುಮಾನ ಪಡಬೇಕಾದ್ದು ಈ ಹಂತವನ್ನೇ.

ಎದುರುಬದುರು ಇಟ್ಟ ಎರಡು ಫ್ಯಾನ್‌ಗಳಲ್ಲಿ ಒಂದನ್ನು ತಿರುಗಿಸಿದರೆ ಗಾಳಿಯಿಂದಲೇ ಇನ್ನೊಂದೂ ತಿರುಗುತ್ತದಲ್ಲ, ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕನ್ವರ್ಟರಿನಲ್ಲಿ ಆಗುವುದೂ ಅದೇ, ಗಾಳಿಯ ಬದಲು ಆಯಿಲ್. ಅದರ ಕತ್ತು ಗೇರ್‌ಬಾಕ್ಸಿನೊಳಗೆ ಮೂರು ಕಡೆ ಸಿಕ್ಕಿಕೊಳ್ಳಬೇಕು: ಒಳಗಿನ ಇನ್‌ಪುಟ್ ಶಾಫ್ಟ್, ಅದರ ಸುತ್ತಲಿನ ಸ್ಟೇಟರ್ ಕೊಳವೆ, ಕೊನೆಗೆ ಆಯಿಲ್ ಪಂಪ್.

ಮೊದಲು ಕನ್ವರ್ಟರಿನೊಳಗೆ ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ಆಯಿಲ್ ಸುರಿಯಿರಿ. ಗೇರ್‌ಬಾಕ್ಸಿನ ಮೂತಿ ಸ್ವಲ್ಪ ಮೇಲಿರಲಿ. ಕನ್ವರ್ಟರನ್ನು ಒಳಗೆ ಒತ್ತುತ್ತಾ ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಹೋಗಿ. ಒಂದೊಂದು ಕಡೆ ಸಿಕ್ಕಿದಾಗಲೂ 'ಟಕ್' ಅಂತ ಒಳಗೆ ಜಾರುತ್ತದೆ, ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಎರಡು ಸಲ ಜಾರಿದಾಗ ಎಲ್ಲರಿಗೂ ಆಯ್ತು ಅನ್ನಿಸುತ್ತದೆ. ಆಗಿರುವುದಿಲ್ಲ. ಮೂರನೆಯದಕ್ಕೆ ಕಾಯಿರಿ. ಎಷ್ಟು ಹೊತ್ತಾದರೂ ಸರಿ.

ಈಗ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸಿ. ಎಂಜಿನ್ ಬ್ಲಾಕಿನ ಹಿಂದೆ ಎರಡು ಡವೆಲ್ ಪಿನ್ ಇರಲೇಬೇಕು, ಮಧ್ಯರೇಖೆ ಸರಿಯಾಗುವುದು ಅವುಗಳಿಂದ. ಬೆಲ್ ಹೌಸಿಂಗ್ ಬ್ಲಾಕಿಗೆ ಕೈಯಿಂದ ತಳ್ಳಿದಷ್ಟಕ್ಕೇ ಪೂರ್ತಿ ಅಂಟಬೇಕು. ಬೋಲ್ಟ್ ಬಿಗಿದು ಎಳೆದುಕೊಳ್ಳುವ ಯೋಚನೆ ಬೇಡವೇ ಬೇಡ. ಸಂದು ಉಳಿದಿದೆ ಅಂದರೆ ಕನ್ವರ್ಟರ್ ಪಂಪಿಗೆ ಸೇರಿಲ್ಲ, ಬಿಗಿದರೆ ಪಂಪ್ ಒಡೆಯುತ್ತದೆ. ಹಿಂದಕ್ಕೆ ಎಳೆದು ಮತ್ತೆ ಕೂರಿಸಿ.

ಬೋಲ್ಟ್ ಬಿಗಿದ ಮೇಲೆ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಅದಕ್ಕೂ ಫ್ಲೆಕ್ಸ್‌ಪ್ಲೇಟಿಗೂ ನಡುವೆ 3ರಿಂದ 5 ಮಿಲಿಮೀಟರ್ ಜಾಗ ಇರಬೇಕು. ಆಮೇಲೆ ಕನ್ವರ್ಟರನ್ನು ಮುಂದಕ್ಕೆಳೆದು ಪ್ಲೇಟಿಗೆ ಬಿಗಿಯಿರಿ. ಜಾಗ ಜಾಸ್ತಿ ಇದ್ದರೆ ಎಲ್ಲ ಬೋಲ್ಟಿಗೂ ಒಂದೇ ದಪ್ಪದ ವಾಷರ್ ಹಾಕಬಹುದು. ಜಾಗವೇ ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಟಿವಿ ಕೇಬಲ್ ಬಗ್ಗೆ ಎಲ್ಲರೂ ಯಾಕೆ ಅಷ್ಟು ಹೆದರಿಸುತ್ತಾರೆ?

ಹೆದರಬೇಕಾದ್ದೇ. 700ಆರ್4 ಮತ್ತು 200-4ಆರ್‌ನಲ್ಲಿ ಕಾರ್ಬುರೇಟರಿನಿಂದ ಗೇರ್‌ಬಾಕ್ಸಿಗೆ ಒಂದು ಕೇಬಲ್ ಹೋಗುತ್ತದೆ, ಅದೇ ಟಿವಿ (ಥ್ರಾಟಲ್ ವಾಲ್ವ್) ಕೇಬಲ್. ನೋಡಲು ಟರ್ಬೊ 350ರ ಕಿಕ್‌ಡೌನ್ ಕೇಬಲ್ ಥರವೇ ಇರುತ್ತದೆ. ಕೆಲಸ ಮಾತ್ರ ಪೂರ್ತಿ ಬೇರೆ. 350ರಲ್ಲಿ ಆ ಕೇಬಲ್ ಕಳಚಿದರೂ ಕಾರು ಓಡುತ್ತದೆ, ಪೆಡಲ್ ಪೂರ್ತಿ ತುಳಿದಾಗ ಕೆಳಗಿನ ಗೇರಿಗೆ ಇಳಿಯುವುದಿಲ್ಲ ಅಷ್ಟೇ. ಓವರ್‌ಡ್ರೈವ್ ಗೇರ್‌ಬಾಕ್ಸ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳನ್ನು ಒತ್ತಿ ಹಿಡಿಯುವ ಆಯಿಲ್ ಒತ್ತಡವನ್ನೇ ಈ ಕೇಬಲ್ ತೀರ್ಮಾನಿಸುತ್ತದೆ. ಅದು ಸಡಿಲ ಇದ್ದರೆ ಒತ್ತಡ ಸಾಲುವುದಿಲ್ಲ, ಪ್ಲೇಟ್‌ಗಳು ಜಾರುತ್ತವೆ, ಸುಟ್ಟುಹೋಗುತ್ತವೆ. ಇದಕ್ಕೆ ತುಂಬಾ ದೂರ ಓಡಿಸಬೇಕಾಗಿಲ್ಲ.

ಪೆಡಲ್ ಪೂರ್ತಿ ತುಳಿದಾಗ ಕೇಬಲ್ ಪೂರ್ತಿ ಎಳೆದಿರಬೇಕು. ಇಷ್ಟೇ ಸಾಲದು. ನಡುವಿನ ಹಂತಗಳಲ್ಲೂ ಸರಿಯಾದ ಪ್ರಮಾಣದಲ್ಲಿ ಎಳೆಯಬೇಕು. ಅದು ಕಾರ್ಬುರೇಟರಿನ ಲಿವರಿನಲ್ಲಿ ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಹಾಲಿ, ಎಡೆಲ್‌ಬ್ರಾಕ್ ಕಾರ್ಬುರೇಟರ್‌ಗಳಿಗೆ ಈ ಜಾಗ ಸರಿಮಾಡುವ ಬ್ರ್ಯಾಕೆಟ್ ಸಿಗುತ್ತದೆ. ಅದನ್ನು ಕೊಂಡುಕೊಳ್ಳಿ, ತಂತಿ ಕಟ್ಟಿ ಸುಧಾರಿಸಬೇಡಿ. ಪ್ರೆಷರ್ ಗೇಜ್ ಹಾಕಿ ನೋಡಿ ಹೊಂದಿಸುವುದು ಇನ್ನೂ ಒಳ್ಳೆಯದು. ಕೇಬಲ್ ಹೊಂದಿಸದೆ ಗ್ಯಾರೇಜಿನಿಂದ ರಸ್ತೆಗೆ ಒಂದು ಸುತ್ತೂ ಹೋಗಬೇಡಿ.

350, 400ಕ್ಕೆ ಹಾಗಾದರೆ ಒತ್ತಡ ಹೇಗೆ ಗೊತ್ತಾಗುತ್ತದೆ?

ವ್ಯಾಕ್ಯೂಮ್ ಮಾಡ್ಯುಲೇಟರಿನಿಂದ, ಅಂದರೆ ಎಂಜಿನ್ ಗಾಳಿ ಎಳೆಯುವ ಬಲಕ್ಕೆ (ವ್ಯಾಕ್ಯೂಮ್) ತಕ್ಕಂತೆ ಒತ್ತಡ ಹೊಂದಿಸುವ ಪುಟ್ಟ ಡಬ್ಬಿಯಿಂದ. ಎಂಜಿನ್ನಿನ ಮ್ಯಾನಿಫೋಲ್ಡಿನಿಂದ ಅದಕ್ಕೊಂದು ಕೊಳವೆ ಬರುತ್ತದೆ. ರಬ್ಬರ್ ಬಿರುಕು ಬಿಟ್ಟರೆ ಗೇರ್ ತಡವಾಗಿ, ಜರ್ಕ್ ಹೊಡೆದು ಬೀಳುತ್ತದೆ. ಒಳಗಿನ ಪದರ ಹರಿದರೆ ಎಂಜಿನ್ ಗೇರ್ ಆಯಿಲ್ಲನ್ನೇ ಎಳೆದುಕೊಂಡು ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಿಡುತ್ತದೆ. ಕೊಳವೆ ತೆಗೆದು ನೋಡಿ, ಒಳಗೆ ಆಯಿಲ್ ಕಂಡರೆ ಮಾಡ್ಯುಲೇಟರ್ ಬದಲಿಸಿ. ಅಗ್ಗದ ಭಾಗ.

ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಹಾಕಿದ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ಕಡಿಮೆ. ಎಂಜಿನ್ ಭಾರ ಎಳೆಯುತ್ತಿದೆ ಅಂತ ಗೇರ್‌ಬಾಕ್ಸ್ ತಿಳಿಯುತ್ತದೆ. ಅದಕ್ಕೆ ಸ್ಕ್ರೂ ತಿರುಗಿಸಿ ಹೊಂದಿಸುವ ಮಾಡ್ಯುಲೇಟರ್ ಇದೆ.

ಟರ್ಬೊ 400ರ ಕಿಕ್‌ಡೌನ್ ವಿದ್ಯುತ್ತಿನದು. ಕೀಲಿ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟನ್ನು ಪೆಡಲ್ ಬಳಿಯ ಸ್ವಿಚ್ ಮೂಲಕ ಕೊಡಿ.

ಕೂಲರ್ ಬೇಕೇ? ರೇಡಿಯೇಟರಿನಲ್ಲೇ ಇರುತ್ತದಲ್ಲ?

ಆಟೋಮ್ಯಾಟಿಕ್ ಕಾರಿನ ರೇಡಿಯೇಟರಿನಲ್ಲಿ ಇರುತ್ತದೆ. ಕ್ಲಚ್ ಕಾರಿನದರಲ್ಲಿ ಇರದೆ ಇರಬಹುದು, ನೋಡಿಕೊಳ್ಳಿ. ಇದ್ದರೂ ಹೊರಗಡೆ ಇನ್ನೊಂದು ಕೂಲರ್ ಹಾಕಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಬಿಸಿಯೇ ದೊಡ್ಡ ಶತ್ರು. ಆಯಿಲ್ ಮೊದಲು ರೇಡಿಯೇಟರಿಗೆ, ಆಮೇಲೆ ಹೊರಗಿನ ಕೂಲರಿಗೆ, ಅಲ್ಲಿಂದ ವಾಪಸ್. ಹಳೆಯ ಗೇರ್‌ಬಾಕ್ಸ್ ಸುಟ್ಟು ಹೋಗಿದ್ದರೆ ಅದರ ಚೂರುಗಳು ಕೊಳವೆಗಳಲ್ಲಿ ಕೂತಿರುತ್ತವೆ. ಹೊಸದನ್ನು ಜೋಡಿಸುವ ಮೊದಲು ಚೆನ್ನಾಗಿ ತೊಳೆಯಿರಿ. ಕೊಳವೆಗಳು ಸೈಲೆನ್ಸರ್ ಪೈಪಿನಿಂದ ದೂರ ಇರಲಿ.

ಶಿಫ್ಟರ್, ವೈರಿಂಗ್ ಏನು ಮಾಡಬೇಕು?

ನೆಲದ ಶಿಫ್ಟರ್ ಆದರೂ ಸರಿ, ಸ್ಟೀರಿಂಗ್ ಕಾಲಮ್ಮಿನದಾದರೂ ಸರಿ, ನ್ಯೂಟ್ರಲ್ ಸೇಫ್ಟಿ ಸ್ವಿಚ್ ಬಿಡಬೇಡಿ. ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಸ್ಟಾರ್ಟ್ ಆಗಬೇಕು. ಇದನ್ನು ತಪ್ಪಿಸಿ ವೈರ್ ಸೇರಿಸಿದ ಕಾರು ಗೇರಿನಲ್ಲಿದ್ದಾಗಲೇ ಸ್ಟಾರ್ಟ್ ಆಗಿ ಎದುರಿಗೆ ನಿಂತವರ ಮೇಲೆ ಹೋಗುತ್ತದೆ. ಮನೆಯಲ್ಲಿ ಮಕ್ಕಳಿರುತ್ತಾರೆ, ಅಲ್ವಾ? ಹಿಂದಕ್ಕೆ ಹೋಗುವಾಗಿನ ದೀಪದ ವೈರ್ ಕೂಡ ಅಲ್ಲೇ ಸೇರುತ್ತದೆ.

1969ರಿಂದ ಇಗ್ನಿಷನ್ ಕೀಲಿ ಸ್ಟೀರಿಂಗ್ ಕಾಲಮ್ಮಿಗೆ ಬಂತು. ಅಂಥ ಕಾರುಗಳಲ್ಲಿ ಕಾಲಮ್ಮಿನಿಂದ ಗೇರ್‌ಬಾಕ್ಸಿಗೆ ಒಂದು ಸರಳು ಹೋಗುತ್ತದೆ, ಕೀಲಿ ಹೊರಬರುವುದು ಅದರಿಂದ. ಅದನ್ನು ಮರೆತರೆ ಕೀಲಿ ಸಿಕ್ಕಿಕೊಳ್ಳುತ್ತದೆ.

ಎಷ್ಟು ಆಯಿಲ್, ಯಾವುದು?

ಡೆಕ್ಸ್ರಾನ್ 3 ದರ್ಜೆಯದು. ಪೂರ್ತಿ ಒಣಗಿದ ಟರ್ಬೊ 350ಕ್ಕೆ ಕನ್ವರ್ಟರ್ ಸೇರಿ 10 ಕ್ವಾರ್ಟ್ ಹತ್ತಿರ, 400ಕ್ಕೆ 11ರ ಹತ್ತಿರ. ಒಂದೇ ಸಲ ಸುರಿಯಬೇಡಿ. ಸುಮಾರು 5 ಕ್ವಾರ್ಟ್ ಹಾಕಿ, ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ. ಪಂಪ್ ಎಳೆದುಕೊಳ್ಳುತ್ತಿದ್ದಂತೆ ಇನ್ನೊಬ್ಬರು ಸುರಿಯುತ್ತಲೇ ಇರಬೇಕು. ಬ್ರೇಕ್ ತುಳಿದು ಒಂದೊಂದೇ ಗೇರಿಗೆ ಹಾಕಿ ನೋಡಿ. ಅಂತಿಮ ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಆಯಿಲ್ ಬಿಸಿಯಾದ ಮೇಲೆ, ಕಾರು ಸಮತಟ್ಟು ನೆಲದಲ್ಲಿ ಪಾರ್ಕಿನಲ್ಲಿದ್ದಾಗ. ಜಾಸ್ತಿ ತುಂಬಿದರೆ ನೊರೆ ಬಂದು ಒತ್ತಡ ಕಡಿಮೆಯಾಗುತ್ತದೆ.

ಸ್ಪೀಡೋಮೀಟರ್ ತಪ್ಪು ತೋರಿಸುತ್ತಿದೆ.

ಗೇರ್‌ಬಾಕ್ಸಿನ ಬಾಲದಲ್ಲಿರುವ ಪುಟ್ಟ ಪ್ಲಾಸ್ಟಿಕ್ ಗೇರ್ ನಿಮ್ಮ ಆಕ್ಸಲ್ ಅನುಪಾತಕ್ಕೆ, ಟೈರಿಗೆ ಹೊಂದುತ್ತಿಲ್ಲ. ಫೋನಿನ ಜಿಪಿಎಸ್ ಜೊತೆ ಹೋಲಿಸಿ, ಹಲ್ಲಿನ ಸಂಖ್ಯೆ ಬದಲಿಸಿ.

ಮನೆಯ ಗ್ಯಾರೇಜಿನಲ್ಲೇ ಮಾಡಬಹುದಾ?

ಮಾಡಬಹುದು, ಒಬ್ಬರೇ ಬೇಡ. ಟರ್ಬೊ 350 ಒಣಗಿದ್ದಾಗಲೇ 54 ಕೆಜಿ, 400 ಸುಮಾರು 61. ಎದೆಯ ಮೇಲೆ ಇಟ್ಟುಕೊಂಡು ಎತ್ತುವ ಸಾಹಸ ಬೇಡ, ಟ್ರಾನ್ಸ್‌ಮಿಷನ್ ಜಾಕ್ ಬಾಡಿಗೆಗೆ ಸಿಗುತ್ತದೆ. ನಾಲ್ಕು ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಹೋಗಬೇಡಿ. ಬ್ಯಾಟರಿಯ ವೈರ್ ಮೊದಲೇ ಬಿಚ್ಚಿ. ಇಂಚಿನ ಸ್ಪ್ಯಾನರ್‌ಗಳು ಬೇಕು, ಬೆಲ್ ಹೌಸಿಂಗಿನ ಬೋಲ್ಟ್‌ಗಳಿಗೆ 9/16.

ಬಿಚ್ಚಿದ ಕ್ಲಚ್ ಸಾಮಾನುಗಳನ್ನು ಏನು ಮಾಡಲಿ?

ನಾಲ್ಕು ಸ್ಪೀಡ್ ಗೇರ್‌ಬಾಕ್ಸಿನ ಆಯಿಲ್ ಬಸಿದು, ತೂತುಗಳನ್ನು ಮುಚ್ಚಿ, ಒಣ ಜಾಗದಲ್ಲಿ ಇಡಿ. ಫ್ಲೈವೀಲ್, ಬೆಲ್ ಹೌಸಿಂಗ್, ಕ್ಲಚ್ಚಿನ ಅಡ್ಡ ಸರಳು, ಎರಡೂ ಪೆಡಲ್, ಕ್ರಾಸ್ ಮೆಂಬರ್ ಎಲ್ಲಕ್ಕೂ ತೆಳ್ಳಗೆ ಎಣ್ಣೆ ಸವರಿ. ಬೋಲ್ಟ್‌ಗಳನ್ನು ಚೀಲಗಳಲ್ಲಿ ಹಾಕಿ ಎಲ್ಲಿಯದು ಅಂತ ಬರೆದಿಡಿ. ಗೇರ್‌ಬಾಕ್ಸಿನ ಮೇಲೆ ಕೊರೆದ ನಂಬರಿನ ಫೋಟೊ ತೆಗೆದು ಕಾರಿನ ಕಾಗದಪತ್ರದ ಜೊತೆ ಇಡಿ. ಕಾರು ಮಾರುವ ದಿನ ಬಂದರೆ ಇದೆಲ್ಲ ಕಾರಿನ ಜೊತೆಗೇ ಹೋಗಬೇಕು.